ಎರಡು ತಿಂಗಳ ಮಗುವೂ ಪಾಪಿಯಾ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಹೈಸ್ಕೂಲ್ ಶಿಕ್ಷಕಿ, ಲಿಂಗಾಯತರ ಮನೆಯವಳು. ಜೊತೆಯಲ್ಲಿ ಕೆಲಸ ಮಾಡುವ ಗೆಳತಿ ಕ್ಯಾಥೊಲಿಕ್ ಕ್ರೈಸ್ತಳು. ಅವಳ ತಾಯಿ ತೀರಿಕೊಂಡಾಗ ಮನೆಯಲ್ಲಿ ಇಟ್ಟುಕೊಂಡಿದ್ದ ಪ್ರಾರ್ಥನೆಗೆ ಹೋಗಿದ್ದೆ. ಅಲ್ಲಿಗೆ ಬಂದ ಬೋಧಕರೊಬ್ಬರು "ನಾವೆಲ್ಲ ಪಾಪಿಗಳು, ಹುಟ್ಟುತ್ತಲೇ ಪಾಪಿಗಳು" ಎಂದು ಮತ್ತೆ ಮತ್ತೆ ಹೇಳಿದರು. ಪಕ್ಕದಲ್ಲೇ ಗೆಳತಿಯ ಎರಡು ತಿಂಗಳ ಮಗು ಮಲಗಿತ್ತು. ಅದೂ ಪಾಪಿಯಾ? ಯೇಸು ಪೂರ್ಣ ಮನುಷ್ಯ, ಆದರೆ ಪಾಪವಿಲ್ಲದವನು ಎಂದೂ ಹೇಳಿದರು. ತಪ್ಪೇ ಮಾಡದವನು ಪೂರ್ಣ ಮನುಷ್ಯ ಹೇಗಾಗುತ್ತಾನೆ? ಮಕ್ಕಳಿಗೆ "ನೀನು ಕೆಟ್ಟವನು" ಅನ್ನಬೇಡಿ ಎಂದು ನಮಗೆ ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಧರ್ಮವೇ ಹಾಗೆ ಅಂದರೆ ಮನುಷ್ಯ ಕುಗ್ಗಿಹೋಗುವುದಿಲ್ವಾ? ಮುಂದಿನ ತಿಂಗಳು ಆ ಮಗುವಿನ ಜ್ಞಾನಸ್ನಾನಕ್ಕೆ (ಬ್ಯಾಪ್ಟಿಸಮ್) ಕರೆದಿದ್ದಾಳೆ. ಹೋಗಲು ಮನಸ್ಸಿದೆ, ಆದರೆ ಅಲ್ಲಿ ಆ ಕೂಸಿನ ಯಾವ ಪಾಪ ತೊಳೆಯುತ್ತಾರೆ ಎಂಬುದು ತಲೆಯಿಂದ ಹೋಗುತ್ತಿಲ್ಲ.

ಉತ್ತರ: ಮಗುವಿನ ವಿಷಯವನ್ನೇ ಮೊದಲು ಹೇಳಿಬಿಡುತ್ತೇನೆ. ಆ ಮಗು ಯಾವ ತಪ್ಪನ್ನೂ ಮಾಡಿಲ್ಲ. ನಿಮ್ಮನ್ನು ಸಮಾಧಾನ ಮಾಡಲು ಸುಮ್ನೆ ಹೇಳುತ್ತಿಲ್ಲ. ನಿಮ್ಮ ಗೆಳತಿಯ ಸಭೆಯೇ, ಅಂದರೆ ಕ್ಯಾಥೊಲಿಕ್ ಚರ್ಚೇ, 1992ರಲ್ಲಿ ಹೊರತಂದ ಧರ್ಮೋಪದೇಶ ಗ್ರಂಥದಲ್ಲಿ ಹಾಗೆ ಬರೆದಿದೆ. ಜನ್ಮಪಾಪ ಎನ್ನುವುದು ಮಾಡಿದ ಪಾಪವಲ್ಲ, ತಗುಲಿಕೊಂಡದ್ದು. ಅದು ಒಂದು ಸ್ಥಿತಿ, ಒಂದು ಕೃತ್ಯವಲ್ಲ. ಮೊದಲ ಮನುಷ್ಯ ಆದಾಮನ ಮಕ್ಕಳಲ್ಲಿ, ಅಂದರೆ ನಮ್ಮಲ್ಲಿ, ಯಾರಿಗೂ ಅದು ಅವರ ಸ್ವಂತ ಅಪರಾಧ ಆಗುವುದಿಲ್ಲ. ಇಲ್ಲಿ 'ಪಾಪ' ಎಂಬ ಮಾತನ್ನು ಹೋಲಿಕೆಯಾಗಿ ಮಾತ್ರ ಬಳಸಿದ್ದೇವೆ ಎಂದೂ ಅದೇ ಪುಟದಲ್ಲಿದೆ. ಬೋಧಕರು ಇಷ್ಟನ್ನು ಬಿಡಿಸಿ ಹೇಳಿದ್ದರೆ ನಿಮಗೆ ಆ ಮಗುವಿನ ಮುಖ ನೋಡಿ ಸಂಕಟ ಆಗುತ್ತಿರಲಿಲ್ಲ.

ಮೂವತ್ತು ವರ್ಷ ನಾನು ಈ ವಿಷಯದ ಪಾಠ ಮಾಡಿದ್ದೇನೆ. ಆದರೆ ಈ ಪ್ರಶ್ನೆ ನನಗೆ ತರಗತಿಯಲ್ಲಿ ಹುಟ್ಟಿದ್ದಲ್ಲ. ನಾನು ಬೆಳೆದದ್ದು ಚಿತ್ರದುರ್ಗದ ಹತ್ತಿರದ ಹಳ್ಳಿಯಲ್ಲಿ. ನನಗೆ ಏಳು ವರ್ಷ ಇದ್ದಾಗ ತಮ್ಮ ಹುಟ್ಟಿದ. ಆರನೇ ದಿನ ಜ್ವರ ಬಂತು, ಹೋಗಿಬಿಟ್ಟ. ಜ್ಞಾನಸ್ನಾನ ಆಗಿರಲಿಲ್ಲ. ಸ್ನಾನ ಆಗದ ಕೂಸನ್ನು ಸಮಾಧಿ ಜಾಗದ ಒಳಗೆ ಹೂಳುವಂತಿಲ್ಲ ಎಂದು ಹಿರಿಯರೊಬ್ಬರು ತೀರ್ಮಾನ ಕೊಟ್ಟರು. ಬೇಲಿಯ ಆಚೆ, ಕಳ್ಳಿ ಸಾಲಿನ ಪಕ್ಕ ಹೂಳಿದರು. "ಪಾಪ ಕಳೆದಿರಲಿಲ್ಲ ನೋಡಿ" ಎಂದು ಆ ಹಿರಿಯರು ಅಪ್ಪನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಮನೆಗೆ ಬಂದರೆ ಅಮ್ಮ ಗೋಡೆಗೆ ಒರಗಿ ಕೂತಿದ್ದಳು. ಅವಳ ಬಾಯಲ್ಲಿ ಒಂದೇ ಮಾತು. "ಪಾಪ, ಅದಿನ್ನೂ ಸರಿಯಾಗಿ ಕಣ್ಣು ಬಿಟ್ಟಿರ್ಲಿಲ್ಲ."

ನಮ್ಮ ಭಾಷೆಯಲ್ಲಿ ಈ ಶಬ್ದಕ್ಕೆ ಎರಡು ಮುಖ ಇವೆ, ಅಲ್ವಾ? ಪಾಪಿ ಎಂದರೆ ಕೆಟ್ಟವನು. ಪಾಪದವನು ಎಂದರೆ ಸಾಧು, ಯಾರ ತಂಟೆಗೂ ಹೋಗದವನು. 'ಅಯ್ಯೋ ಪಾಪ' ಎಂದರೆ ಮರುಕ. ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರು ಇಡೀ ಬೈಬಲ್ಲನ್ನು ಕನ್ನಡಕ್ಕೆ ತಂದು 1831ರ ಹೊತ್ತಿಗೆ ಅಚ್ಚು ಮಾಡಿದರು. ನಮ್ಮ ಬೈಬಲ್ಲುಗಳಲ್ಲಿ ನಿಂತುಬಿಟ್ಟ ಶಬ್ದ 'ಪಾಪ'. ಬೇರೆ ಶಬ್ದ ಸಿಗುವುದೂ ಕಷ್ಟವಿತ್ತು. ಆದರೆ ಆ ಶಬ್ದ ಬರಿಗೈಯಲ್ಲಿ ಬರಲಿಲ್ಲ. ಪಾಪ-ಪುಣ್ಯದ ಲೆಕ್ಕ, ಹಿಂದಿನ ಜನ್ಮದ ಕರ್ಮ, ಮಡಿ-ಮೈಲಿಗೆ, ಎಲ್ಲವನ್ನೂ ಮಡಿಲಲ್ಲಿ ಕಟ್ಟಿಕೊಂಡೇ ಬಂತು. ಅದಕ್ಕೇ 'ಹುಟ್ಟು ಪಾಪಿ' ಎಂದು ಕೇಳಿದ ಕೂಡಲೇ ನಮಗೆ ಖಾತೆಯಲ್ಲಿ ಬರೆದಿಟ್ಟ ಸಾಲ ನೆನಪಾಗುತ್ತದೆ. ಮೂಲದಲ್ಲಿ ಇರುವುದು ಬೇರೆ.

ಬೈಬಲ್ಲಿನ ಹಳೆಯ ಭಾಗ ಇರುವ ಹೀಬ್ರೂ ಭಾಷೆಯಲ್ಲಿ ಇದಕ್ಕೆ ಒಂದಲ್ಲ, ಹಲವು ಶಬ್ದಗಳಿವೆ. ಎಲ್ಲಕ್ಕಿಂತ ಜಾಸ್ತಿ ಬರುವುದು 'ಹತಾ'. ಗುರಿ ತಪ್ಪುವುದು ಎಂದು ಅರ್ಥ. ಬೈಬಲ್ಲಿನ ನ್ಯಾಯಸ್ಥಾಪಕರು ಎಂಬ ಪುಸ್ತಕದಲ್ಲಿ ಬೆನ್ಯಾಮೀನ ಕುಲದ 700 ಜನ ಎಡಗೈ ಕವಣೆಗಾರರ ಮಾತು ಬರುತ್ತದೆ. ಒಂದು ಕೂದಲಿಗೆ ಗುರಿ ಇಟ್ಟರೂ ತಪ್ಪುತ್ತಿರಲಿಲ್ಲವಂತೆ. ಆ 'ತಪ್ಪುತ್ತಿರಲಿಲ್ಲ' ಎನ್ನುವಲ್ಲಿ ಇರುವುದು ಇದೇ 'ಹತಾ'. ಜೋಳ ಹಾಲುಗಟ್ಟುವ ಹೊತ್ತಿಗೆ ಅಟ್ಟಣೆ ಮೇಲೆ ನಿಂತು ಕವಣೆ ಬೀಸಿದವರಿಗೆ ಈ ಶಬ್ದ ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು ಶಬ್ದ 'ಆವೋನ್'. ಸೊಟ್ಟಗಾಗುವುದು, ಬಾಗುವುದು. ಮೂರನೆಯದು 'ಪೆಶಾ', ತಿರುಗಿಬೀಳುವುದು, ನಂಬಿಕೆ ಮುರಿಯುವುದು.

ಸೊಟ್ಟಗಾಗುವುದು ಎಂಬುದನ್ನು ಸ್ವಲ್ಪ ನೋಡೋಣ. ಸೈಕಲ್ ಗಾಲಿ ಬೆಂಡಾದರೆ ನಾವು ಅದನ್ನು ಗಾಲಿಯಲ್ಲ ಅನ್ನುವುದಿಲ್ಲ. ಗಾಲಿ ಎಂದು ಗೊತ್ತಿರುವುದಕ್ಕೇ ಬೆಂಡು ತೆಗೆಸಲು ಅಂಗಡಿಗೆ ಒಯ್ಯುತ್ತೇವೆ. ಬೆಂಡು ಎಂಬ ಬೇರೆ ವಸ್ತು ಎಲ್ಲೂ ಇಲ್ಲ. ಅದು ಗಾಲಿಗೆ ಆದದ್ದು. ಉತ್ತರ ಆಫ್ರಿಕಾದ ಬಿಷಪ್ ಅಗಸ್ಟೀನ್, 354ರಿಂದ 430ರ ತನಕ ಬದುಕಿದ್ದವರು, ಕೆಟ್ಟದ್ದರ ಬಗ್ಗೆ ಹೇಳಿದ್ದು ಇದನ್ನೇ. ಕೆಟ್ಟದ್ದಕ್ಕೆ ಸ್ವಂತ ಇರವು ಇಲ್ಲ, ಅದು ಒಳ್ಳೆಯದರಲ್ಲಿ ಆದ ಕೊರತೆ. ಯೇಸುವಿನ ಸುದ್ದಿ ಸಾರಿದ ಪೌಲ ರೋಮನರಿಗೆ ಬರೆದ ಪತ್ರ ಬೈಬಲ್ಲಿನಲ್ಲಿದೆ; ಹದಿನಾರನೇ ಶತಮಾನದ ಆರಂಭದಲ್ಲಿ ಅದರ ಪಾಠ ಮಾಡುವಾಗ ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ ಪಾಪಕ್ಕೊಂದು ಆಕಾರ ಕೊಟ್ಟರು. ತನ್ನೊಳಗೇ ಬಾಗಿಕೊಂಡ ಮನುಷ್ಯ. ಬೆನ್ನು ಎಷ್ಟು ಬಾಗಿದೆ ಎಂದರೆ ಎದುರಿಗೆ ನಿಂತವರ ಮುಖ ಕಾಣುವುದಿಲ್ಲ, ತನ್ನ ಹೊಟ್ಟೆ ಮಾತ್ರ ಕಾಣುತ್ತದೆ.

ಹಾಗಾದರೆ ನೆಟ್ಟಗಿರುವ ಮನುಷ್ಯ ಯಾರು? ಬೈಬಲ್ ಶುರುವಾಗುವುದೇ ಅಲ್ಲಿಂದ. ಅದರ ಮೊದಲ ಪುಸ್ತಕವಾದ ಆದಿಕಾಂಡದ ಹಾವು, ಹಣ್ಣು ಎಲ್ಲ ಬರುವುದು ಮೂರನೇ ಅಧ್ಯಾಯದಲ್ಲಿ. ಮೊದಲನೇ ಅಧ್ಯಾಯದಲ್ಲಿ ದೇವರು ಮನುಷ್ಯರನ್ನು ತನ್ನ ಸ್ವರೂಪದಲ್ಲಿ ಉಂಟುಮಾಡಿದನು, ಗಂಡು ಹೆಣ್ಣಾಗಿ ಉಂಟುಮಾಡಿದನು ಎಂದಿದೆ. ಮಾಡಿದ್ದನ್ನೆಲ್ಲ ನೋಡಿದಾಗ ಬಹಳ ಒಳ್ಳೆಯದಾಗಿತ್ತು ಎಂದಿದೆ. ಆ ಕಾಲದ ಈಜಿಪ್ಟಿನಲ್ಲಿ, ಮೆಸೊಪೊಟೇಮಿಯಾದಲ್ಲಿ ದೇವರ ಸ್ವರೂಪ ಎಂಬ ಬಿರುದು ಅರಸನಿಗೆ ಸೇರಿದ್ದು. ಈ ಪುಸ್ತಕ ಅದನ್ನು ಅರಸನ ತಲೆಯಿಂದ ತೆಗೆದು ಎಲ್ಲರ ತಲೆಯ ಮೇಲೂ ಇಟ್ಟಿತು. ಕೂಲಿಯವಳ ತಲೆಯ ಮೇಲೂ, ನಿಮ್ಮ ಗೆಳತಿಯ ಮಗುವಿನ ತಲೆಯ ಮೇಲೂ. ನಮ್ಮ ಬೋಧಕರಲ್ಲಿ ತುಂಬಾ ಜನ ಮೂರನೇ ಅಧ್ಯಾಯದಿಂದ ಮಾತು ಶುರು ಮಾಡುತ್ತಾರೆ. ನನಗೆ ಇದು ಬಹಳ ನೋವಿನ ವಿಷಯ. ಮನುಷ್ಯ ಎಷ್ಟು ದೊಡ್ಡವನು ಎಂದು ಹೇಳದೆ, ಬಿದ್ದ ಎಂದು ಮಾತ್ರ ಹೇಳಿದರೆ ಎಲ್ಲಿಂದ ಬಿದ್ದ ಎಂದು ಕೇಳುವವರಿಗೆ ಹೇಗೆ ಗೊತ್ತಾಗಬೇಕು?

ಇನ್ನೊಂದು ವಿಷಯ ನನ್ನ ವಿದ್ಯಾರ್ಥಿಗಳಿಗೂ ಆಶ್ಚರ್ಯ ತರುತ್ತಿತ್ತು. ಆ ಮೂರನೇ ಅಧ್ಯಾಯದಲ್ಲಿ ಪಾಪ ಎಂಬ ಶಬ್ದವೇ ಇಲ್ಲ. ಆದಾಮ, ಅವನ ಹೆಂಡತಿ ಹವ್ವ ದೇವರು ಬೇಡವೆಂದ ಹಣ್ಣು ತಿನ್ನುತ್ತಾರೆ, ನಾಚುತ್ತಾರೆ, ಅಂಜೂರದ ಎಲೆ ಹೊಲಿದುಕೊಳ್ಳುತ್ತಾರೆ, ಮರಗಳ ನಡುವೆ ಅಡಗುತ್ತಾರೆ. ದೇವರು ಕೇಳುವ ಮೊದಲ ಪ್ರಶ್ನೆ, ಎಲ್ಲಿದ್ದೀಯಾ? ಕೊನೆಗೆ ಅವರಿಗೆ ಚರ್ಮದ ಅಂಗಿ ಮಾಡಿ ತೊಡಿಸುತ್ತಾನೆ. ಪಾಪ ಎಂಬ ಶಬ್ದ ಬೈಬಲ್‌ನಲ್ಲಿ ಮೊದಲು ಬರುವುದು ನಾಲ್ಕನೇ ಅಧ್ಯಾಯದಲ್ಲಿ, ಅಣ್ಣ ತಮ್ಮನ ನಡುವೆ. ಆದಾಮನ ಹಿರಿಯ ಮಗ ಕಾಯಿನನಿಗೆ ತಮ್ಮ ಹೇಬೆಲನ ಮೇಲೆ ಹೊಟ್ಟೆಕಿಚ್ಚು. ಪಾಪ ಬಾಗಿಲಲ್ಲಿ ಹೊಂಚು ಹಾಕಿಕೊಂಡಿದೆ, ನೀನು ಅದನ್ನು ಆಳಬೇಕು ಎಂದು ದೇವರು ಅವನನ್ನು ಎಚ್ಚರಿಸುತ್ತಾನೆ. ಹೊಸ್ತಿಲ ಹತ್ತಿರ ಮುದುರಿ ಕೂತ ಚಿರತೆಯ ಹಾಗೆ. ಜೋಗಿಮಟ್ಟಿ ಕಡೆಯ ಊರಿನವರಿಗೆ ಈ ಚಿತ್ರ ಹೊಸದಲ್ಲ. ಗಮನಿಸಿ, ಚಿರತೆ ಕಾಯಿನನ ರಕ್ತದಲ್ಲಿ ಇಲ್ಲ, ಬಾಗಿಲಲ್ಲಿದೆ. ಆಳು ಎಂದರೆ ಆಳುವ ಶಕ್ತಿ ಇದೆ ಎಂದೇ ಅರ್ಥ. ಅವನು ಆಳಲಿಲ್ಲ. ತಮ್ಮನನ್ನು ಕೊಂದ ಮೇಲೆ ಅವನು ಕೇಳುತ್ತಾನೆ, ನಾನೇನು ನನ್ನ ತಮ್ಮನ ಕಾವಲುಗಾರನಾ ಎಂದು.

ಈಗ ಜನ್ಮಪಾಪಕ್ಕೆ ಬರೋಣ. ತಗುಲಿದ ಪಾಪ ಅಂದರೆ ಏನು? ಇದಕ್ಕೆ ನಾನು ತರಗತಿಯಲ್ಲಿ ಕೊಡುತ್ತಿದ್ದ ಉದಾಹರಣೆ ನಮ್ಮ ಜಿಲ್ಲೆಯದೇ. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ದಾಟಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲು ನೋಡಿರುತ್ತೀರಿ. ಕಂದು ಗೆರೆ, ಸುಣ್ಣದಂಥ ಮಚ್ಚೆ. ಒಸಡಿನೊಳಗೆ ಹಲ್ಲಿನ ಹೊರಪದರ ಕಟ್ಟಿಕೊಳ್ಳುವ ಹೊತ್ತಿಗೇ ಅದು ಒಳಗೆ ಸೇರಿಬಿಡುತ್ತದೆ. ಹಲ್ಲು ಮೂಡುವಾಗಲೇ ಕಲೆಯೊಂದಿಗೆ ಮೂಡುತ್ತದೆ. ವರ್ಷಗಟ್ಟಲೆ ಕುಡಿದರೆ ಮೂಳೆಗೂ ಇಳಿಯುತ್ತದೆ, ಬೆನ್ನು ಬಾಗುತ್ತದೆ. ಆ ಮಗು ಮಾಡಿದ ತಪ್ಪೇನು? ಏನೂ ಇಲ್ಲ. ಆದರೆ ಕಲೆ ಇರುವುದು ಅದರ ಹಲ್ಲಿನಲ್ಲೇ. ಕಲೆ ಇಲ್ಲ ಎಂದು ನಾವು ಪ್ರೀತಿಯಿಂದ ಹೇಳಿದರೂ ಹೋಗುವುದಿಲ್ಲ. ನೀರು ಅಷ್ಟು ಆಳಕ್ಕೆ ಇಳಿದದ್ದರಲ್ಲಿ ನಮ್ಮ ಹಿಂದಿನವರ ಪಾಲೂ ಇದೆ, ನಾಳೆ ಅದೇ ಮಗು ದೊಡ್ಡದಾಗಿ ಇನ್ನೊಂದು ಬೋರ್ ಕೊರೆಸುತ್ತದೆ.

ಯೆಹೆಜ್ಕೇಲ ಎಂಬ ಪ್ರವಾದಿಯ ಕಾಲದಲ್ಲಿ ಜನರ ನಡುವೆ ಒಂದು ಗಾದೆ ಓಡಾಡುತ್ತಿತ್ತು. ಹೆತ್ತವರು ಹುಳಿದ್ರಾಕ್ಷಿ ತಿಂದರು, ಮಕ್ಕಳ ಹಲ್ಲು ಚಳಿತವು. ಈ ಗಾದೆಯನ್ನು ಇನ್ನು ಬಾಯಲ್ಲಿ ಆಡಬೇಡಿ ಎಂದು ಪ್ರವಾದಿ ಗಟ್ಟಿಯಾಗಿ ಹೇಳಿದರು. ಅಪ್ಪನ ಅಪರಾಧವನ್ನು ಮಗ ಹೊರುವುದಿಲ್ಲ, ಮಗನದನ್ನು ಅಪ್ಪ ಹೊರುವುದಿಲ್ಲ. ಹಾಗೆ ಹೇಳಿದ ಬೈಬಲ್ಲೇ ಇನ್ನೊಂದು ಕಡೆ, ಒಬ್ಬನ ಮೂಲಕ ಪಾಪ ಲೋಕಕ್ಕೆ ಬಂತು ಎಂದು ಪೌಲನ ಬಾಯಲ್ಲಿ ಹೇಳಿಸುತ್ತದೆ. ಎರಡನ್ನೂ ಒಟ್ಟಿಗೆ ಹಿಡಿಯಬೇಕು. ಅಪರಾಧ ಪಿತ್ರಾರ್ಜಿತವಾಗಿ ಬರುವುದಿಲ್ಲ. ಗಾಯ ಬರುತ್ತದೆ.

ಈ ಜಾಗದಲ್ಲಿ ಕ್ರೈಸ್ತರ ನಡುವೆಯೇ ಒಮ್ಮತ ಇಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಅಗಸ್ಟೀನ್ ಓದಿದ್ದು ಲ್ಯಾಟಿನ್ ಬೈಬಲ್. ಪೌಲನ ಆ ಮಾತಿನ ಗ್ರೀಕ್ ಮೂಲದಲ್ಲಿ 'ಎಲ್ಲರೂ ಪಾಪ ಮಾಡಿದ್ದರಿಂದ' ಎಂದು ಓದಬಹುದಾದ ಕಡೆ, ಲ್ಯಾಟಿನ್ನಿನಲ್ಲಿ 'ಅವನಲ್ಲಿ ಎಲ್ಲರೂ ಪಾಪ ಮಾಡಿದರು' ಎಂಬ ಅರ್ಥ ಬಂತು. ಆದಾಮನೊಳಗೆ ನಾವೆಲ್ಲ ಇದ್ದೆವು, ಅವನ ಅಪರಾಧದಲ್ಲಿ ನಮಗೂ ಪಾಲಿದೆ ಎಂಬ ವಾದಕ್ಕೆ ಅದು ಬಲ ಕೊಟ್ಟಿತು. ಅಗಸ್ಟೀನ್ ತನ್ನ ಆತ್ಮಕಥೆಯಲ್ಲಿ ಒಂದು ಕೂಸಿನ ಚಿತ್ರ ಕೊಡುತ್ತಾರೆ. ಇನ್ನೂ ಮಾತು ಬಾರದ ಮಗು, ತಾನು ಕುಡಿಯುವ ಹಾಲನ್ನು ಕುಡಿಯುತ್ತಿದ್ದ ಇನ್ನೊಂದು ಕೂಸನ್ನು ಮುಖ ಬಿಳಿಚಿಕೊಂಡು ದುರುಗುಟ್ಟಿ ನೋಡುತ್ತಿತ್ತಂತೆ. ಅವರು ಕಂಡದ್ದು ನಿಜವೇ. ಎರಡನೇ ಮಗು ಹುಟ್ಟಿದಾಗ ಮೊದಲನೇದು ಏನು ಮಾಡುತ್ತದೆ ಎಂದು ನಮಗೂ ಗೊತ್ತು. ಆದರೆ ಅದಕ್ಕೆ ಅವರು ಕೊಟ್ಟ ತೂಕ ಜಾಸ್ತಿಯಾಯಿತು ಎಂದು ನನಗೆ ಅನ್ನಿಸುತ್ತದೆ. ಸ್ನಾನ ಆಗದ ಕೂಸುಗಳಿಗೆ ಸ್ವರ್ಗ ಇಲ್ಲ ಎಂಬಲ್ಲಿಗೆ ಅವರ ವಾದ ಹೋಗಿ ನಿಂತಿತು. ಬೇಲಿಯಾಚೆ ತೋಡಿದ ಆ ಪುಟ್ಟ ಗುಂಡಿಗೆ ದಾರಿ ಅಲ್ಲಿಂದಲೇ ಬಂದದ್ದು.

ಅಗಸ್ಟೀನ್‌ಗಿಂತ ಇನ್ನೂರು ವರ್ಷ ಮೊದಲು ಇರೆನಿಯಸ್ ಎಂಬ ಬಿಷಪ್ ಇದ್ದರು. ಹುಟ್ಟಿದ್ದು ಈಗಿನ ಟರ್ಕಿಯ ಕಡೆ, ಕೆಲಸ ಮಾಡಿದ್ದು ಈಗಿನ ಫ್ರಾನ್ಸಿನ ಲಿಯಾನ್‌ನಲ್ಲಿ. ಅವರ ಕಣ್ಣಿಗೆ ಆದಾಮ, ಹವ್ವ ಇಬ್ಬರೂ ಮಕ್ಕಳು. ಇನ್ನೂ ಬೆಳೆಯಬೇಕಾದವರು. ದಾರಿಯಲ್ಲಿ ಎಡವಿದರು, ಬೆಳವಣಿಗೆ ನಿಂತಿತು. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಇವತ್ತಿಗೂ ಈ ಕಡೆಗೇ ವಾಲುತ್ತವೆ. ಆದಾಮನಿಂದ ನಮಗೆ ಬಂದದ್ದು ಸಾವು ಮತ್ತು ರೋಗ, ಅಪರಾಧವಲ್ಲ ಎನ್ನುತ್ತವೆ. ದೇವರ ಮಹಿಮೆ ಎಂದರೆ ಜೀವಕಳೆಯಿಂದ ಬದುಕುವ ಮನುಷ್ಯನೇ ಎಂಬ ಮಾತೂ ಇರೆನಿಯಸ್‌ರದು. ನಾನು ಹುಟ್ಟಿನಿಂದ ಪಶ್ಚಿಮದ ಸಭೆಯವನು. ಆದರೂ ಈ ವಿಷಯದಲ್ಲಿ ನನ್ನ ಮನಸ್ಸು ಇರೆನಿಯಸ್ ಕಡೆಗೇ ಹೋಗುತ್ತದೆ.

ಇಲ್ಲಿಂದ ನಿಮ್ಮ ಎರಡನೇ ಪ್ರಶ್ನೆ. ನನ್ನ ಲೆಕ್ಕದಲ್ಲಿ ನಿಮ್ಮ ಪತ್ರದ ಅತ್ಯಂತ ಒಳ್ಳೆಯ ಪ್ರಶ್ನೆ ಅದೇ. ತಪ್ಪೇ ಮಾಡದವನು ಪೂರ್ಣ ಮನುಷ್ಯ ಹೇಗೆ? 'ಮನುಷ್ಯ ಅಂದಮೇಲೆ ತಪ್ಪು ಆಗುತ್ತೆ' ಎಂದು ನಾವು ದಿನಾ ಹೇಳುತ್ತೇವೆ. ಹಾಗೆ ಹೇಳುವಾಗ ತಪ್ಪನ್ನು ಮನುಷ್ಯನ ಗುರುತಾಗಿ ಮಾಡಿಬಿಟ್ಟಿರುತ್ತೇವೆ. ಕ್ರಿ.ಶ. 451ರಲ್ಲಿ ಈಗಿನ ಇಸ್ತಾಂಬುಲ್‌ನ ಭಾಗವಾಗಿರುವ ಕ್ಯಾಲ್ಸಿಡನ್ ಎಂಬ ಊರಲ್ಲಿ ಬಿಷಪ್ಪರೆಲ್ಲ ಸೇರಿ ಒಂದು ತೀರ್ಮಾನ ಬರೆದರು. ಯೇಸು ಪೂರ್ಣವಾಗಿ ದೇವರು, ಪೂರ್ಣವಾಗಿ ಮನುಷ್ಯ. ಮನುಷ್ಯತನದಲ್ಲಿ ನಮ್ಮಂಥವನೇ, ಪಾಪ ಒಂದನ್ನು ಬಿಟ್ಟು. ಈ ಮಾತನ್ನು ಜನ ಸಾಮಾನ್ಯವಾಗಿ ಯೇಸುವಿನ ಬಗ್ಗೆ ಎಂದು ಓದುತ್ತಾರೆ. ತಿರುಗಿಸಿ ಓದಿ ನೋಡಿ. ಪಾಪ ಇಲ್ಲದೆಯೂ ಒಬ್ಬ ಪೂರ್ಣ ಮನುಷ್ಯನಾಗಿದ್ದರೆ, ಮನುಷ್ಯನಾಗಲು ಪಾಪ ಬೇಕಿಲ್ಲ ಎಂದಾಯಿತು. ಅದು ನಮ್ಮ ಸ್ವಭಾವದ ಪಟ್ಟಿಯಲ್ಲಿಲ್ಲ. ನಾನು ಸುಳ್ಳು ಹೇಳಿದಾಗ ಮನುಷ್ಯತನವನ್ನು ತೋರಿಸಿದ ಹಾಗೆ ಆಗಲಿಲ್ಲ, ಅದರಲ್ಲಿ ಒಂದು ತುಣುಕು ಕಳೆದುಕೊಂಡ ಹಾಗೆ ಆಯಿತು. ಯೇಸುವಿಗೆ ಪಾಪ ಇಲ್ಲದಿರುವುದರಿಂದ ಅವನು ಕಡಿಮೆ ಮನುಷ್ಯನಲ್ಲ, ನಮಗೆ ಇರುವುದರಿಂದ ನಾವು ಇನ್ನೂ ಪೂರ್ತಿ ಆಗಿಲ್ಲ.

ಹಾಗಂತ ಯೇಸು ಕಲ್ಲಿನ ವಿಗ್ರಹದ ಹಾಗೆ ಇರಲಿಲ್ಲ. ಅವನ ಬದುಕನ್ನು ಹೇಳುವ ಸುವಾರ್ತೆಗಳನ್ನು ತೆಗೆದು ನೋಡಿ. ನಡೆದು ದಣಿದು ಬಾವಿಯ ಪಕ್ಕ ಕೂತು, ಪರ ಜಾತಿಯ ಹೆಂಗಸಿನ ಹತ್ತಿರ ನೀರು ಕೇಳುತ್ತಾನೆ. ಬಿರುಗಾಳಿಯಲ್ಲಿ ದೋಣಿಯೊಳಗೆ ನಿದ್ದೆ ಹೋಗುತ್ತಾನೆ. ಗೆಳೆಯನ ಸಮಾಧಿಯ ಮುಂದೆ ಅಳುತ್ತಾನೆ. ದೇವಾಲಯದಲ್ಲಿ ವ್ಯಾಪಾರದವರ ಮೇಜು ಉರುಳಿಸುವಷ್ಟು ಸಿಟ್ಟು ಬರುತ್ತದೆ. ಸಾಯುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ, ಈ ಪಾತ್ರೆ ನನ್ನಿಂದ ದೂರ ಹೋಗಲಿ ಎಂದು ಹೆದರಿ ಬೇಡಿಕೊಳ್ಳುತ್ತಾನೆ. ಹೆದರಿಕೆ, ಅಳು, ಸಿಟ್ಟು, ದಣಿವು, ಆಸೆ, ಗೊತ್ತಿಲ್ಲದಿರುವುದು, ಇವು ಯಾವುವೂ ಪಾಪವಲ್ಲ. ಇವನ್ನೂ ಪಾಪದ ಚೀಲಕ್ಕೆ ತುಂಬಿದ ಬೋಧಕರಿಂದ ಎಷ್ಟೋ ಮನೆಗಳಲ್ಲಿ ಗಂಡುಮಕ್ಕಳು ಅಳುವುದನ್ನು ಮರೆತರು, ಹೆಣ್ಣುಮಕ್ಕಳು ಸಿಟ್ಟಾಗುವುದನ್ನು ಮರೆತರು. ನಿಮ್ಮ ತರಗತಿಯಲ್ಲಿ ಲೆಕ್ಕ ತಪ್ಪು ಮಾಡಿದ ಹುಡುಗಿಯೂ ಪಾಪ ಮಾಡಲಿಲ್ಲ. ನಮ್ಮ 'ತಪ್ಪು' ಎಂಬ ಶಬ್ದ ತುಂಬಾ ಅಗಲವಾದದ್ದು, ಎರಡಕ್ಕೂ ಅದೇ ಸಾಕು ಅನ್ನಿಸಿಬಿಡುತ್ತದೆ.

ಯೋಹಾನನ ಸುವಾರ್ತೆಯಲ್ಲಿ ನನ್ನನ್ನು ಪ್ರತಿ ಸಲ ತಡೆದು ನಿಲ್ಲಿಸುವ ಜಾಗ ಒಂದಿದೆ. ಕೊರಡೆ ಏಟು ತಿಂದು, ಮುಳ್ಳಿನ ಕಿರೀಟ ಹಾಕಿಸಿಕೊಂಡು, ರಕ್ತ ಸುರಿಯುತ್ತಿರುವ ಯೇಸುವನ್ನು ರೋಮನ್ ಅಧಿಕಾರಿ ಪಿಲಾತ ಜನರ ಮುಂದೆ ತಂದು ನಿಲ್ಲಿಸುತ್ತಾನೆ. ಇಗೋ, ಈ ಮನುಷ್ಯ ಎನ್ನುತ್ತಾನೆ. ಪಿಲಾತನಿಗೆ ತಾನು ಏನು ಹೇಳುತ್ತಿದ್ದೇನೆ ಎಂದು ಗೊತ್ತಿಲ್ಲ. ಬರೆದ ಯೋಹಾನನಿಗೆ ಗೊತ್ತಿದೆ. ಮನುಷ್ಯ ಹೇಗಿರಬೇಕು ಎಂದು ನೋಡಬೇಕಾದರೆ ಇಲ್ಲಿ ನೋಡಿ. ಹೊಡೆದವರಿಗೆ ತಿರುಗಿ ಹೊಡೆಯದೆ, ಸತ್ಯ ಬಿಡದೆ, ಯಾರನ್ನೂ ದ್ವೇಷಿಸದೆ ನಿಂತ ಇವನೇ ಮನುಷ್ಯ. ಕೊರಡೆ ಹಿಡಿದವರು ಆ ಹೊತ್ತಿಗೆ ಮನುಷ್ಯತನ ಕಳೆದುಕೊಂಡವರು.

ಈಗ ಕುಗ್ಗಿಹೋಗುವ ಮಾತು. ಹೌದು, ಕುಗ್ಗಿಸಿದ್ದಾರೆ. ಸಭೆಯ ಒಳಗಿನವನಾಗಿ ನಾನು ಇದನ್ನು ಒಪ್ಪಿಕೊಳ್ಳಲೇಬೇಕು. 1960ರಲ್ಲಿ ವ್ಯಾಲೆರಿ ಸೇವಿಂಗ್ ಎಂಬ ಅಮೆರಿಕದ ವಿದ್ವಾಂಸೆ ಒಂದು ಲೇಖನ ಬರೆದರು. ಪಾಪದ ಬೇರು ಅಹಂಕಾರ ಎಂದು ದೇವಶಾಸ್ತ್ರಜ್ಞರು ಹೇಳುತ್ತಾ ಬಂದಿದ್ದೀರಿ, ಬರೆದವರೆಲ್ಲ ಗಂಡಸರು, ಹೆಂಗಸರ ಕಥೆ ಬೇರೆ ಎಂದರು. ಎಲ್ಲರಿಗಾಗಿ ಸವೆದು, ತಾನು ಎಂಬುದೇ ಇಲ್ಲದಂತೆ ಕರಗಿಹೋಗುವುದು, ಅಲ್ಲೂ ದೇವರು ಕೊಟ್ಟ ಸ್ವರೂಪ ಅಳಿಸಿಹೋಗುತ್ತದೆ ಎಂಬುದು ಅವರ ವಾದ. ಅದನ್ನು ಓದಿದಾಗ ನನಗೆ ಅಮ್ಮ ನೆನಪಾದಳು. ಎಲ್ಲರ ಊಟ ಆದಮೇಲೆ ತಪ್ಪಲೆಯ ತಳ ಕೆರೆದುಕೊಂಡು ತಿನ್ನುತ್ತಿದ್ದಳು. ಅವಳಿಗೆ ಭಾನುವಾರ ಭಾನುವಾರ ಅಹಂಕಾರ ಬಿಡಿ ಎಂದು ಬೋಧಿಸುತ್ತಿದ್ದರು. ಅವಳ ಹತ್ತಿರ ಬಿಡಲು ಅಹಂಕಾರ ಎಲ್ಲಿತ್ತು? ತಲೆ ಎತ್ತು ತಾಯಿ, ನೀನೂ ಒಂದು ತಟ್ಟೆ ಹಾಕಿಕೊಂಡು ಕೂತ್ಕೋ ಎಂದು ಹೇಳುವವರು ಬೇಕಿತ್ತು. ಬೆಂಡು ತೆಗೆಯುವವನು ಗಾಲಿ ಯಾವ ಕಡೆ ಬಾಗಿದೆ ಎಂದು ಮೊದಲು ನೋಡಬೇಕಲ್ಲವೇ? ಬಾಗಿದ ಕಡೆಗೇ ಇನ್ನಷ್ಟು ಒತ್ತಿದರೆ ಮುರಿಯುತ್ತದೆ.

ದಲಿತರ ವಿಷಯದಲ್ಲಂತೂ ಇದು ಇನ್ನೂ ಕ್ರೂರವಾಯಿತು. ಹಿಂದಿನ ಜನ್ಮದ ಪಾಪ ಎಂದು ಒಂದು ಕಡೆ ಹೇಳಿಸಿಕೊಂಡವರು ಸಭೆಗೆ ಬಂದರೆ ಅಲ್ಲಿಯೂ ಎಷ್ಟೋ ಕಡೆ ಹಿಂದಿನ ಸಾಲು, ಬೇರೆ ಸಮಾಧಿ ಜಾಗ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಅವರು 1980ರ ದಶಕದ ಆರಂಭದಲ್ಲಿ ಎತ್ತಿದ ದನಿಯಿಂದ ದಲಿತ ದೇವಶಾಸ್ತ್ರ ಎಂಬ ಹೊಸ ಚಿಂತನೆ ಬೆಳೆಯಿತು. ಮನುಷ್ಯತ್ವವನ್ನು ಬೇರೆಯವರು ಕಸಿದುಕೊಂಡಿರುವಾಗ, ಅದನ್ನು ಕಳೆದುಕೊಂಡವರಿಗೆ ಪೂರ್ಣ ಮನುಷ್ಯರಾಗುವುದೇ ಬಿಡುಗಡೆ ಎಂದು ಅದು ಹೇಳಿತು. ಅದಕ್ಕೂ ಮೊದಲು, 1971ರಲ್ಲೇ, ಕೇರಳದ ಕ್ರೈಸ್ತ ಚಿಂತಕ ಎಂ. ಎಂ. ಥಾಮಸ್ ಅವರು ರಕ್ಷಣೆ (ಪಾಪದಿಂದ ಬಿಡುಗಡೆ) ಮತ್ತು ಮಾನವೀಕರಣ ಎರಡನ್ನೂ ಬೇರೆ ಮಾಡಲಾಗದು ಎಂದು ವಾದಿಸಿದ್ದರು. ಹುಟ್ಟಿಗೂ ಪಾಪಕ್ಕೂ ಗಂಟು ಹಾಕುವುದನ್ನು ಯೇಸುವೇ ಬಿಚ್ಚಿಹಾಕ್ತಾನೆ. ಹುಟ್ಟು ಕುರುಡನೊಬ್ಬನನ್ನು ಕಂಡು ಶಿಷ್ಯರು ಕೇಳುತ್ತಾರೆ, ಯಾರ ಪಾಪಕ್ಕೆ ಇವನು ಕುರುಡನಾದ, ಇವನದೋ, ಹೆತ್ತವರದೋ? ಇವನದೂ ಅಲ್ಲ, ಹೆತ್ತವರದೂ ಅಲ್ಲ ಎಂಬುದು ಉತ್ತರ. ಸಿಲೊವ ಎಂಬಲ್ಲಿ ಬುರುಜು ಬಿದ್ದು ಸತ್ತ 18 ಜನ ಉಳಿದವರಿಗಿಂತ ದೊಡ್ಡ ಪಾಪಿಗಳಲ್ಲ ಎಂದೂ ಹೇಳುತ್ತಾನೆ.

ಪಾಪ ಒಬ್ಬೊಬ್ಬರ ಎದೆಯಲ್ಲಿ ಮಾತ್ರ ಇರುವುದಿಲ್ಲ, ವ್ಯವಸ್ಥೆಯಲ್ಲೂ ಕೂತಿರುತ್ತದೆ. ದಾವಣಗೆರೆಯವರಿಗೆ ಭದ್ರಾ ನಾಲೆಯ ಉದಾಹರಣೆ ಸಾಕು. ನಾಲೆಯ ಮೇಲ್ಭಾಗದಲ್ಲಿ ಒಬ್ಬ ರೈತ ಒಂದು ಪಂಪು ಇಳಿಸುತ್ತಾನೆ. ಅವನ ಪಕ್ಕದವನೂ ಇಳಿಸುತ್ತಾನೆ. ಯಾರಿಗೂ ಯಾರ ಮೇಲೂ ದ್ವೇಷ ಇಲ್ಲ. ಎಲ್ಲರಿಗೂ ಮನೆ, ಮಕ್ಕಳು, ಸಾಲ. ಕೊನೆ ಭಾಗದ ಗದ್ದೆಗೆ ನೀರು ಮುಟ್ಟುವುದಿಲ್ಲ, ಭತ್ತ ಒಣಗುತ್ತದೆ. ಒಣಗಿಸಿದ್ದು ಯಾರು ಎಂದು ಕೇಳಿದರೆ ಬೆರಳು ತೋರಿಸಲು ಒಬ್ಬನೂ ಸಿಗುವುದಿಲ್ಲ. ನಾನೇನು ನನ್ನ ತಮ್ಮನ ಕಾವಲುಗಾರನಾ? ಮಾಡಬೇಕಾದ ಒಳ್ಳೆಯದು ಗೊತ್ತಿದ್ದೂ ಮಾಡದಿರುವುದೇ ಪಾಪ ಎಂದು ಯಾಕೋಬನ ಪತ್ರದಲ್ಲಿದೆ. ನನಗಂತೂ ಮಾಡಿದ ಪಾಪಗಳಿಗಿಂತ ಮಾಡದೆ ಬಿಟ್ಟವೇ ರಾತ್ರಿ ಹೊತ್ತು ನೆನಪಾಗುವುದು.

ಹಾಗಾದರೆ ಆ ಶಬ್ದವನ್ನೇ ಬಿಟ್ಟುಬಿಡಬಹುದಲ್ಲ ಎಂದು ನೀವು ಕೇಳಬಹುದು. ಬಿಡಲು ನನಗೆ ಮನಸ್ಸಿಲ್ಲ. ಅದಿಲ್ಲದೆ ಕಾಯಿನನಿಗೆ ಏನು ಹೇಳುವುದು? ಶಿಕ್ಷಕಿಯಾಗಿ ನಿಮಗೆ ಇದು ಗೊತ್ತಿರುವ ವಿಷಯವೇ. ಹುಡುಗನೊಬ್ಬ ಪಕ್ಕದವನ ಟಿಫಿನ್ ಕದ್ದ ಎಂದುಕೊಳ್ಳಿ. "ನೀನು ಕಳ್ಳ" ಎಂದರೆ ಅವನು ಮುಗಿದೇ ಹೋದ. "ಪರವಾಗಿಲ್ಲ ಬಿಡು, ಎಲ್ಲರೂ ಮಾಡ್ತಾರೆ" ಎಂದರೂ ಅವನನ್ನು ಕೈಬಿಟ್ಟ ಹಾಗೆಯೇ. ಇವನಿಂದ ಇನ್ನೇನು ನಿರೀಕ್ಷೆ ಮಾಡೋದು ಎಂದು ಆ ಮಾತು ಒಳಗೊಳಗೇ ಹೇಳುತ್ತದೆ. ಒಳ್ಳೆಯ ಮೇಷ್ಟ್ರು ಮೂರನೆಯದನ್ನು ಹೇಳುತ್ತಾರೆ. "ನೀನಾ ಹೀಗೆ ಮಾಡಿದ್ದು?" ಆ 'ನೀನಾ' ಎನ್ನುವುದರಲ್ಲಿ ಅವನ ಮೇಲಿನ ಗೌರವ ಇದೆ, ಅದಕ್ಕೇ ಅದು ಚುಚ್ಚುತ್ತದೆ. ಎಲ್ಲಿದ್ದೀಯಾ ಎಂದು ತೋಟದಲ್ಲಿ ಕೇಳಿದ ಪ್ರಶ್ನೆ ನನಗೆ ಹಾಗೆಯೇ ಕೇಳಿಸುತ್ತದೆ.

ಲೂಕನ ಸುವಾರ್ತೆಯಲ್ಲಿ ಯೇಸು ಹೇಳುವ ಒಂದು ಕಥೆ. ಕಿರಿಯ ಮಗ ಪಾಲು ತೆಗೆದುಕೊಂಡು ದೂರದ ಊರಿಗೆ ಹೋಗಿ ಎಲ್ಲ ಕಳೆದುಕೊಂಡು ಹಂದಿ ಮೇಯಿಸುತ್ತಾನೆ. ಹಂದಿ ತಿನ್ನುವ ಕಾಯಿಗೂ ಆಸೆ ಪಡುತ್ತಾನೆ. ಅವನು ಮನಸ್ಸು ತಿರುಗಿಸಿದ ಗಳಿಗೆಯನ್ನು ಗ್ರೀಕ್ ಮೂಲದಲ್ಲಿ, ತನ್ನೊಳಕ್ಕೆ ತಾನು ಬಂದ ಎಂದು ಬರೆದಿದೆ. ಅಂದರೆ ಅಲ್ಲಿಯ ತನಕ ಅವನು ಅವನಾಗಿರಲಿಲ್ಲ. ಮನೆಗೆ ಹೊರಟು ನಿಂತದ್ದೇ ಅವನು ಅವನಾದದ್ದು. ಹಿರಿಯ ಮಗ ಮನೆ ಬಿಟ್ಟು ಹೋದವನೇ ಅಲ್ಲ, ಒಂದು ಆಜ್ಞೆ ಮೀರಿದವನಲ್ಲ. ಆದರೆ ತಮ್ಮ ಬಂದಾಗ ಅಪ್ಪನಿಗೆ ಹೇಳುತ್ತಾನೆ, ಈ ನಿನ್ನ ಮಗ ಎಂದು. ತಮ್ಮ ಎನ್ನಲು ಬಾಯಿ ಬರುವುದಿಲ್ಲ. ಅಪ್ಪ ಮೆಲ್ಲಗೆ ತಿದ್ದುತ್ತಾನೆ, ಈ ನಿನ್ನ ತಮ್ಮ ಎಂದು. ಹಿರಿಯವನು ಒಳಗೆ ಬಂದನೋ ಇಲ್ಲವೋ, ಕಥೆ ಹೇಳುವುದಿಲ್ಲ.

ಜ್ಞಾನಸ್ನಾನಕ್ಕೆ ದಯವಿಟ್ಟು ಹೋಗಿ. ಸ್ನಾನ ಆಗದೆ ತೀರಿಕೊಂಡ ಶಿಶುಗಳ ಬಗ್ಗೆ ವ್ಯಾಟಿಕನ್ನಿನ ದೇವಶಾಸ್ತ್ರ ಆಯೋಗ 2007ರಲ್ಲಿ ಒಂದು ದಾಖಲೆ ಹೊರತಂದಿತು. ಅವರು ರಕ್ಷಣೆ ಹೊಂದುತ್ತಾರೆ ಎಂದು ಭರವಸೆ ಇಟ್ಟುಕೊಳ್ಳಲು ಗಟ್ಟಿ ಕಾರಣಗಳಿವೆ ಎಂದಿತು. ಆ ಸುದ್ದಿಯನ್ನು ಅಮ್ಮನಿಗೆ ಓದಿ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ತಾನು ಅವನಿಗೆ ಅಂತ ಇಟ್ಟುಕೊಂಡಿದ್ದ ಹೆಸರನ್ನು ಹೇಳಿದಳು. ನಾನು ಅದನ್ನು ಕೇಳಿದ್ದು ಅದೇ ಮೊದಲು.

ನೀವು ಅಲ್ಲಿಗೆ ಹೋದಾಗ ವಿಧಿಯ ಶುರುವನ್ನು ತಪ್ಪಿಸಿಕೊಳ್ಳಬೇಡಿ, ಬಾಗಿಲ ಹತ್ತಿರವೇ ನಿಂತಿರಿ. ನೀರು, ಬಿಳಿ ಬಟ್ಟೆ, ಮೇಣದ ಬತ್ತಿ ಎಲ್ಲ ಆಮೇಲೆ ಬರುತ್ತವೆ. ಪಾಪ ಎಂಬ ಮಾತೂ ಆಮೇಲೆಯೇ ಬರುತ್ತದೆ. ಗುರುಗಳು ಬಾಗಿಲಿಗೆ ಬಂದು ತಂದೆತಾಯಿಯನ್ನು ಮೊದಲು ಕೇಳುವುದು, ಈ ಮಗುವಿಗೆ ಏನು ಹೆಸರಿಟ್ಟಿದ್ದೀರಿ ಎಂದು.